ದೆವ್ವದ ಕಥೆ ಬಿಟ್ಟ ಗೊರವಂಕ

ಆಲದ ಮರದ ಒಂದು ಗೊರವಂಕ ದೆವ್ವದ ಕಥೆ ಹೇಳುವುದರಲ್ಲಿ ಹೆಸರುವಾಸಿಯಾಗಿತ್ತು. ಒಂದು ದಿನ ಅದಕ್ಕೆ, 'ಆಯುಸ್ಸೆಲ್ಲ ಸುಳ್ಳು ಹೇಳುತ್ತಲೇ ಕಳೆದೆನಲ್ಲ' ಎಂಬ ಕಳವಳ ಹುಟ್ಟಿತು. ಹೇಳುತ್ತಿದ್ದ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿ, ಕೆರೆಯ ದಂಡೆಯಲ್ಲಿ ಸದಾ ಧ್ಯಾನ ಮಾಡುತ್ತಿದ್ದ ಮುದಿ ಆಮೆಯ ಬಳಿ ಹೋಗಿ, ಇನ್ನು ಸುಳ್ಳಾಡುವುದಿಲ್ಲವೆಂದು ವ್ರತ ತೊಟ್ಟು ಕಣ್ಣು ಮುಚ್ಚಿ ಕುಳಿತಿತು.

ಮೂರನೆಯ ದಿನ ಅಳಿಲೊಂದು ಅಲ್ಲಿಗೆ ಬಂದಿತು. ಅದರ ಮರಿಯನ್ನು ಹದ್ದು ಹೊತ್ತೊಯ್ದು ನಾಲ್ಕು ದಿನವಾಗಿತ್ತು. ಅಂದಿನಿಂದ ಅದು ಒಂದು ಕಾಳನ್ನೂ ಮುಟ್ಟಿರಲಿಲ್ಲ.

"ಅಣ್ಣಾ, ನೀನು ಅರ್ಧಕ್ಕೇ ಬಿಟ್ಟ ಕಥೆಯಲ್ಲಿ ಸತ್ತ ಕೋಳಿಮರಿ ದೆವ್ವವಾಗಿ ತಾಯಿಯನ್ನು ಹುಡುಕುತ್ತಿತ್ತಲ್ಲ, ತಾಯಿ ಸಿಕ್ಕಳೇ?" ಎಂದು ಕೇಳಿತು.

"ಅದೆಲ್ಲ ನಾನು ಕಟ್ಟಿದ ಸುಳ್ಳು, ತಾಯೀ" ಎಂದಿತು ಗೊರವಂಕ.

"ಗೊತ್ತು. ಆದರೂ ಹೇಳು."

ಗೊರವಂಕ ಆಮೆಯ ಕಡೆ ನೋಡಿತು. "ಇಲ್ಲಿ ಸುಳ್ಳಿಗೆ ಎಡೆಯಿಲ್ಲ" ಎಂದಿತು ಆಮೆ. ಹೇಳಿದರೆ ವ್ರತ ಕೆಡುತ್ತದೆ, ಹೇಳದಿದ್ದರೆ ಈ ತಾಯಿ ಉಳಿಯುವಂತಿಲ್ಲ. ಏನು ಮಾಡಬೇಕೆಂದು ತೋಚದೆಯೇ ಗೊರವಂಕ ಕಥೆ ಮುಂದುವರಿಸಿತು. ಕಥೆಯ ಮರಿ ಕೊನೆಗೂ ತಾಯಿಯ ರೆಕ್ಕೆಯಡಿ ನುಸುಳಿ, "ಅಮ್ಮಾ, ನನಗೆ ನೋವಾಗಲಿಲ್ಲ" ಎಂದಿತು. ಅಳಿಲು ಬಿಕ್ಕಿ ಬಿಕ್ಕಿ ಅತ್ತಿತು. ಆಮೇಲೆ ಅಲ್ಲೇ ಬಿದ್ದಿದ್ದ ಹಣ್ಣೊಂದನ್ನು ಎರಡೂ ಕೈಯಲ್ಲಿ ಹಿಡಿದು ತಿಂದು, ಹೊರಟುಹೋಯಿತು.

"ಸ್ವಾಮೀ, ನಾನೀಗ ಮಾಡಿದ್ದು ಪಾಪವೋ, ಪೂಜೆಯೋ?" ಎಂದು ಗೊರವಂಕ ಕೇಳಿತು.

ಆಮೆ ಕತ್ತು ಚಾಚಿ ಅಳಿಲು ಹೋದ ದಾರಿಯತ್ತ ನೋಡಿತು. "ತಿಳಿಯದಪ್ಪಾ. ನೂರು ವರ್ಷ ಕಣ್ಣು ಮುಚ್ಚಿ ಕುಳಿತರೂ ನನಗೆ ನಾನೆಂಬುದು ಮರೆತಿರಲಿಲ್ಲ. ಇಂದು ನಿನ್ನ ಕಥೆ ಕೇಳುತ್ತ ಕಣ್ಣು ತೆರೆದುಕೊಂಡೇ ಮರೆತೆ" ಎಂದಿತು.