ದನದ ಡಾಕ್ಟ್ರ ಸ್ಪೋರ್ಟ್ಸ್ ಕಾರು

ಚಾರ್ಮಾಡಿ ಘಾಟಿಯ ಕೆಳಗಿನ ಒಂದು ಪೇಟೆಯಲ್ಲಿ ಸುಪ್ರಭಾ ಎಂಬ ಪಶುವೈದ್ಯೆ ಇದ್ದಳು. ಅವಳು ದಿನವೂ ಕೆಲಸಕ್ಕೆ ಹೋಗುತ್ತಿದ್ದದ್ದು ಅರವತ್ತು ವರ್ಷ ಹಳೆಯ ಒಂದು ಸ್ಪೋರ್ಟ್ಸ್ ಕಾರಿನಲ್ಲಿ.

ಕಾರು ಇಂಗ್ಲೆಂಡಿನದು. ಕಡು ಹಸಿರು ಬಣ್ಣ. ಎರಡೇ ಸೀಟು. ತಂತಿ ಕಡ್ಡಿಗಳ ಚಕ್ರ. ಮಡಚಿದರೆ ಹಿಂದಕ್ಕೆ ಬೀಳುವ ಕ್ಯಾನ್ವಾಸಿನ ಮಾಡು. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಒಳಗೆ ಕೂತವರು ತಲೆ ಎತ್ತಿ ಆಟೋದವರ ಮುಖ ನೋಡಬೇಕು.

ಅದು ಅವಳ ದೊಡ್ಡಪ್ಪ ಪದ್ಮರಾಜ ಬಲ್ಲಾಳರ ಕಾರು. ಹಂಚಿನ ಕಾರ್ಖಾನೆ ನಡೆಸುತ್ತಿದ್ದ ಕಾಲದಲ್ಲಿ ಕೊಂಡದ್ದು. ವಾರಕ್ಕೊಂದು ಸಂಜೆ ಹೆಂಡತಿಯನ್ನು ಕೂರಿಸಿಕೊಂಡು ಹೊಳೆಯ ತನಕ ಹೋಗಿ ಬರುತ್ತಿದ್ದರು. ಉಳಿದ ದಿನ ಕಾರು ಶೆಡ್ಡಿನಲ್ಲಿ. ಎರಡೇ ಸೀಟಿನಲ್ಲಿ ಮಕ್ಕಳಿಗೆ ಜಾಗವಿರಲಿಲ್ಲ. ಪುಟ್ಟ ಸುಪ್ರಭಾ ಗೇಟಿನವರೆಗೆ ಹಿಂದೆಯೇ ಓಡಿ, ಅಲ್ಲಿ ನಿಂತು, ಸದ್ದು ಕೇಳದಾಗುವ ತನಕ ಕಿವಿಗೊಟ್ಟು ಒಳಗೆ ಬರುತ್ತಿದ್ದಳು.

ಹೆಂಡತಿ ತೀರಿಕೊಂಡ ಮೇಲೆ, ಕಣ್ಣೂ ಮಂಜಾದ ಮೇಲೆ, ಬಲ್ಲಾಳರು ಕಾರನ್ನು ಅವಳ ಕೈಗೆ ಕೊಟ್ಟರು. "ನೋಡಿಕೊಂಡಿರು" ಎಂದರು. ಕೊಟ್ಟೆ ಎನ್ನಲಿಲ್ಲ.

ಅವಳು ಮರುದಿನವೇ ಅದರಲ್ಲಿ ಕೆಲಸಕ್ಕೆ ಹೋದಳು. ಐದು ವರ್ಷ ಹೋಗುತ್ತಲೇ ಇದ್ದಳು. ಮೊದಲಿಗೆ ಪೇಟೆಯವರು ನಕ್ಕರು. ಆಮೇಲೆ ಆ ಸದ್ದು ಕೇಳಿದರೆ ದನದ ಹಟ್ಟಿಯ ಬಾಗಿಲು ತೆರೆದಿಡುವುದು ರೂಢಿಯಾಯಿತು. ಕ್ಯಾಂಟೀನಿನವನು ಮಾತ್ರ ದಿನಾ ಕೇಳುತ್ತಿದ್ದ.

"ಡಾಕ್ಟ್ರೇ, ಇವತ್ತು ರೇಸಿಗಾ, ಹೆರಿಗೆಗಾ?"

"ಎರಡೂ ಒಂದೇ ಮಾರಾಯ್ರೆ. ತಡ ಆದ್ರೆ ಸೋಲು."

ಒಂದು ಬೆಳಿಗ್ಗೆ, ಮನೆ ಬಿಟ್ಟು ಹೊರಡುವುದೇ ಅಪರೂಪವಾಗಿದ್ದ ಬಲ್ಲಾಳರು ಕೋಲು ಊರಿಕೊಂಡು ಹಾಲಿನ ಸೊಸೈಟಿಯ ಹತ್ತಿರ ಬಂದಿದ್ದರು. ಎದುರಿಗೇ ಅವರ ಹಸಿರು ಕಾರು ಬಂದು ನಿಂತಿತು. ಸುಪ್ರಭಾಳ ಪಕ್ಕದ ಸೀಟಿನಲ್ಲಿ ಒಂದು ಆಡು ಕೂತಿತ್ತು. ಅದರ ಮುಂಗಾಲಿಗೆ ಪಟ್ಟಿ ಕಟ್ಟಿತ್ತು. ಅದು ಬಲ್ಲಾಳರನ್ನು ನೋಡಿ ಬ್ಯಾ ಎಂದಿತು.

ಬಲ್ಲಾಳರು ಹತ್ತಿರ ಬಂದು ಬಗ್ಗಿ ನೋಡಿದರು. ಬಾಗಿಲಿಗೆ ಕೊಂಬು ಗೀರಿದ ಗುರುತು. ಸೀಟಿನ ಹಿಂದೆ ಬಕೆಟ್ಟು, ಹಗ್ಗ, ಔಷಧಿಯ ಪೆಟ್ಟಿಗೆ. ಹಳೆಯ ಹಾರ್ನಿನ ಜಾಗದಲ್ಲಿ ಆಟೋರಿಕ್ಷಾದ ಹಾರ್ನು. ಒಳಗೆಲ್ಲ ಫಿನಾಯಿಲು ಮತ್ತು ಸೆಗಣಿಯ ವಾಸನೆ.

"ಅದು ನಿನ್ನ ದೊಡ್ಡಮ್ಮ ಕೂರ್ತಿದ್ದ ಸೀಟು!"

"ಗೊತ್ತುಂಟು ದೊಡ್ಡಪ್ಪ. ಅದಕ್ಕೇ ಗೋಣಿ ಹಾಸಿದ್ದೇನೆ."

ಬಲ್ಲಾಳರು ಕೋಲು ಕುಟ್ಟುತ್ತಾ ಮನೆಗೆ ಹೋದರು.

ಆ ಪೇಟೆಯಲ್ಲಿ ಜಯಕರ ಶೆಟ್ಟರೆಂಬ ಹೋಟೆಲ್ ಮಾಲೀಕರಿದ್ದರು. ಮುಂಬಯಿಯಲ್ಲಿ ದುಡಿದು ಊರಿಗೆ ಮರಳಿದವರು. ಅವರ ಬಳಿಯೂ ಅದೇ ಕಂಪನಿಯ ಒಂದು ಕಾರಿತ್ತು, ಕೆಂಪು ಬಣ್ಣದ್ದು. ಅದಕ್ಕೆಂದೇ ಗಾಜಿನ ಗೋಡೆಯ ಎ.ಸಿ. ಕೋಣೆ ಕಟ್ಟಿಸಿದ್ದರು. ಪ್ರತಿ ಶುಕ್ರವಾರ ಕಾರಿಗೆ ಹೂವಿನ ಹಾರ ಹಾಕಿ, ಊದುಬತ್ತಿ ಹಚ್ಚಿ, ಇಂಜಿನ್ ಸ್ಟಾರ್ಟ್ ಮಾಡುತ್ತಿದ್ದರು. ಮಂಗಳಾರತಿ ಮುಗಿಯುವ ತನಕ, ಐದು ನಿಮಿಷ. ಆಮೇಲೆ ಆಫ್ ಮಾಡಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ, ಬಾಗಿಲು ಹಾಕುತ್ತಿದ್ದರು. ಅದನ್ನು ನೋಡಲು ಜನ ಬರುತ್ತಿದ್ದರು. ಶೆಟ್ಟರಿಗೆ ಅದರ ಮೇಲೆ ಇದ್ದ ಪ್ರೀತಿ ಸುಳ್ಳಲ್ಲ.

ಆಡಿನ ಸುದ್ದಿ ಅವರಿಗೆ ಮುಟ್ಟಿತು. ಸಂಜೆಗೇ ಬಲ್ಲಾಳರ ಜಗಲಿಯಲ್ಲಿ ಕೂತಿದ್ದರು.

"ನನ್ನ ಕೆಂಪಿನ ಪಕ್ಕ ನಿಮ್ಮ ಹಸಿರೂ ನಿಲ್ಲಲಿ ಬಲ್ಲಾಳ್ರೇ. ಧೂಳಿಲ್ಲ, ಬಿಸಿಲಿಲ್ಲ. ಆಡಂತೂ ಇಲ್ಲವೇ ಇಲ್ಲ."

ಬಲ್ಲಾಳರು ಸುಪ್ರಭಾಳನ್ನು ಕರೆಸಿದರು. "ಕೀ ಇಲ್ಲಿಡು" ಎಂದರು.

ಸುಪ್ರಭಾ ಕೀಲಿಕೈ ತೆಗೆದು ಅವರ ಎದುರಿಗಿಟ್ಟಳು.

"ದೊಡ್ಡಪ್ಪ, ಕಾರು ನಿಮ್ಮದು. ತೆಗೆದುಕೊಳ್ಳಿ. ಆದ್ರೆ ಹಾಳು ಮಾಡಿದ್ದೇನೆ ಅಂತ ಮಾತ್ರ ಹೇಳ್ಬೇಡಿ. ನೀವು ಅದರ ಮೈ ನೋಡಿದ್ದೀರಿ. ಒಮ್ಮೆ ಕೂತು ನೋಡಿ."

ಶೆಟ್ಟರು ನಕ್ಕರು. "ಕೂತು ಎಲ್ಲಿಗೆ ಹೋಗೋದು? ಆ ಡಬ್ಬ ಪೇಟೆ ದಾಟಿದ್ರೆ ದೊಡ್ಡದು. ನನ್ನದು ಹಾಗಲ್ಲ. ನಾಳೆ ಬೇಕಾದ್ರೆ ನಿಮ್ಮನ್ನು ಘಾಟಿ ಹತ್ತಿಸ್ತೇನೆ."

ಬಲ್ಲಾಳರು ಇಬ್ಬರನ್ನೂ ನೋಡಿದರು. ಕಾರ್ಖಾನೆ ನಡೆಸಿದ ಮನುಷ್ಯ. ಮಾತಿಗಿಂತ ಪರೀಕ್ಷೆಯ ಮೇಲೆ ನಂಬಿಕೆ.

"ಆಯ್ತು. ನಾಳೆ ನಿಮ್ಮ ಕಾರಲ್ಲಿ ಬರ್ತೇನೆ ಶೆಟ್ರೇ. ನಾಡಿದ್ದು ಇವಳದ್ದರಲ್ಲಿ. ಘಾಟಿಯ ತುದಿ ಮುಟ್ಟಬೇಕು. ರಸ್ತೆಯಲ್ಲಿ ಅಡ್ಡ ಬಂತು ಅಂತ ನಿಂತ್ರೆ ತಪ್ಪಲ್ಲ. ಕಾರು ಕೆಟ್ಟು ನಿಂತ್ರೆ ಸೋಲು. ಸುಪ್ರಭಾ, ನಿನ್ನದು ನಿಂತ್ರೆ ಅಲ್ಲಿಂದಲೇ ಗಾಜಿನ ಕೋಣೆಗೆ ಹೋಗ್ತದೆ. ಹತ್ತಿದ್ರೆ ನಿನಗೇ."

ಮರುದಿನ ಶೆಟ್ಟರ ಕಾರು ಮದುಮಗನ ಹಾಗೆ ಹೊರಟಿತು. ಹಾರ, ಕುಂಕುಮ, ಚಕ್ರದಡಿಗೆ ನಿಂಬೆಹಣ್ಣು. ಸೀಟಿನ ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ. ಬಲ್ಲಾಳರು ಕೂತಲ್ಲೇ ಜಾರುತ್ತಿದ್ದರು. ಹತ್ತು ಕಿಲೋಮೀಟರು ಚೆನ್ನಾಗಿಯೇ ಹೋಯಿತು. ಹನ್ನೊಂದನೆಯದರಲ್ಲಿ ಇಂಜಿನ್ನಿನೊಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದಾಯಿತು. ಹೊಗೆ ಬಂತು. ಕಾರು ನಿಂತಿತು. ಘಾಟಿ ಇನ್ನೂ ದೂರವಿತ್ತು.

ಮೆಕ್ಯಾನಿಕ್ ಹಸನಬ್ಬನಿಗೆ ಫೋನು ಹೋಯಿತು. ಅವನು ಬಂದು ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಒಳಗೆ ಬೆರಳು ಸವರಿ, ಶೆಟ್ಟರ ಮುಂದೆ ಹಿಡಿದ. ಬೆಳ್ಳಗೆ ದಪ್ಪಗೆ ಏನೋ ಅಂಟಿತ್ತು.

"ಇದು ಆಯಿಲ್ ಅಲ್ಲ ಶೆಟ್ರೇ, ಮಜ್ಜಿಗೆ."

"ಎಂತ ಹೇಳ್ತೀಯ ಮಾರಾಯ? ವಾರಕ್ಕೊಮ್ಮೆ ತಪ್ಪದೆ ಸ್ಟಾರ್ಟ್ ಮಾಡ್ತೇನೆ!"

"ಎಷ್ಟು ಹೊತ್ತು?"

"ಐದು ನಿಮಿಷ."

"ಅದೇ ಆದದ್ದು. ಸ್ಟಾರ್ಟ್ ಮಾಡುವಾಗ ಇಂಜಿನ್ ಒಳಗೆ ನೀರಿನ ಪಸೆ ಕೂರ್ತದೆ. ಅದು ಆರಬೇಕಾದ್ರೆ ಇಂಜಿನ್ ಚೆನ್ನಾಗಿ ಬಿಸಿ ಆಗ್ಬೇಕು, ನಾಲ್ಕು ಊರು ಸುತ್ಬೇಕು. ನೀವು ಬಿಸಿ ಆಗುವ ಮೊದ್ಲೇ ಆಫ್ ಮಾಡ್ತೀರಿ. ಶುಕ್ರವಾರ ಶುಕ್ರವಾರ ಸ್ವಲ್ಪ ಸ್ವಲ್ಪ ನೀರು ಕುಡಿಸಿದ ಹಾಗಾಯ್ತು. ಇದಕ್ಕಿಂತ ಮುಟ್ಟದೆ ಬಿಟ್ಟಿದ್ರೇ ಒಳ್ಳೇದಿತ್ತು."

ಶೆಟ್ಟರು ರಸ್ತೆಬದಿಯ ಕಲ್ಲಿನ ಮೇಲೆ ಕೂತರು. ಹಸನಬ್ಬ ಬೆರಳು ಒರೆಸಿಕೊಂಡು ಮುಚ್ಚಳ ಹಾಕಿದ.

ಆ ಸಂಜೆ ಸುಪ್ರಭಾಳಿಗೆ ಬಲ್ಲಾಳರು ಹೇಳಿದ್ದು ಇಷ್ಟೇ. "ಶೆಟ್ರದ್ದು ನಿಂತಿತು ಅಂದ್ರೆ ನಿನ್ನದು ಗೆದ್ದ ಹಾಗಲ್ಲ. ಎರಡೂ ನಿಲ್ಲುವ ಕಾರುಗಳೇ ಆದ್ರೆ, ಗಾಜಿನೊಳಗೆ ಚೆಂದ ಮಾಡಿ ನಿಲ್ಲಲಿ."

ಮರುದಿನ, ಭಾನುವಾರ ಬೆಳಿಗ್ಗೆ ಸುಪ್ರಭಾ ದಿನವೂ ಮಾಡುವುದನ್ನೇ ಮಾಡಿದಳು. ಆಯಿಲ್ ನೋಡಿದಳು, ನೀರು ನೋಡಿದಳು, ನಾಲ್ಕು ಚಕ್ರವನ್ನೂ ಹೆಬ್ಬೆರಳಲ್ಲಿ ಒತ್ತಿದಳು. ಇಂಜಿನ್ ಸ್ಟಾರ್ಟ್ ಮಾಡಿ ಒಂದು ಗಳಿಗೆ ಕಿವಿಗೊಟ್ಟಳು. ಸೀಟಿನ ಗೋಣಿ ತೆಗೆದು ಕೊಡವಿದಳು.

"ನಿಂಬೆಹಣ್ಣು ಎಲ್ಲಿ?" ಎಂದರು ಬಲ್ಲಾಳರು.

"ಉಪ್ಪಿನಕಾಯಿಗೆ ಹಾಕಿ ಆಯ್ತು ದೊಡ್ಡಪ್ಪ. ಕೂತ್ಕೊಳ್ಳಿ."

ಶೆಟ್ಟರು ತಮ್ಮ ದೊಡ್ಡ ಹೊಸ ಕಾರಿನಲ್ಲಿ ಹಸನಬ್ಬನನ್ನು ಕೂರಿಸಿಕೊಂಡು ಹಿಂದೆ ಹೊರಟರು. ಹಸಿರು ಕಾರು ಕೆಟ್ಟಲ್ಲೇ ವಶಕ್ಕೆ ತೆಗೆದುಕೊಳ್ಳುವ ಆಸೆ ಅವರಿಗೆ.

ಸಮತಟ್ಟು ರಸ್ತೆ ಮುಗಿಯಿತು. ಘಾಟಿ ಶುರುವಾಯಿತು. ಒಂದು ತಿರುವು, ಎರಡು, ಮೂರು. ಬಲ್ಲಾಳರು ಸೀಟಿನ ಅಂಚು ಹಿಡಿದು ಕೂತಿದ್ದರು. ನಾಲ್ಕನೆಯ ತಿರುವು ದಾಟುತ್ತಿದ್ದ ಹಾಗೆ ಕೆಳಗೆಲ್ಲೋ ಟಪ್ ಎಂದಿತು. ಸುಪ್ರಭಾಳ ಎಡಗಾಲಿನ ಪೆಡಲು ಸತ್ತ ಹಾಗೆ ನೆಲಕ್ಕೆ ಬಿತ್ತು.

"ಎಂತ ಅದು?"

"ಕ್ಲಚ್ಚಿನ ಕೇಬಲ್ ತುಂಡಾಯ್ತು."

"ಹಾಗಾದ್ರೆ ಮುಗೀತು. ಬದಿಗೆ ಹಾಕು."

"ಕಾರು ನಿಂತಿದೆಯಾ ದೊಡ್ಡಪ್ಪ?"

ಬಲ್ಲಾಳರು ಹೊರಗೆ ನೋಡಿದರು. ಮರಗಳು ಹಿಂದಕ್ಕೆ ಹೋಗುತ್ತಿದ್ದವು.

"ಇಲ್ಲ."

"ಮತ್ತೆ?"

ಗೇರು ಬದಲಿಸಲು ಕ್ಲಚ್ ಬೇಕು. ಅದಿಲ್ಲದೆ ಬದಲಿಸಿದರೆ ಒಳಗಿನ ಹಲ್ಲಿಗೆ ಹಲ್ಲು ತಾಗಿ ಕಿರುಚುತ್ತದೆ. ಆದರೆ ಇಂಜಿನ್ನಿನ ವೇಗವೂ ಚಕ್ರದ ವೇಗವೂ ಒಂದಕ್ಕೊಂದು ಹೊಂದುವ ಒಂದು ಕ್ಷಣ ಇದೆ. ಆ ಕ್ಷಣದಲ್ಲಿ ಗೇರು ತಾನಾಗಿ ಜಾರಿ ಕೂರುತ್ತದೆ. ಅದನ್ನು ಯಾವ ಮೀಟರೂ ತೋರಿಸುವುದಿಲ್ಲ. ಕಿವಿಯೇ ಹಿಡಿಯಬೇಕು. ಎರಡು ವರ್ಷದ ಹಿಂದೆ, ಕರು ಅಡ್ಡವಾಗಿದ್ದ ಒಂದು ಹಸುವಿನ ಹೆರಿಗೆಗೆ ಹೋಗುವಾಗ ಇದೇ ಕೇಬಲ್ ತುಂಡಾಗಿತ್ತು. ನಿಲ್ಲಿಸುವಂತಿರಲಿಲ್ಲ. ಅಂದು ಏಳು ಸಲ ಗೇರನ್ನು ಕಿರುಚಿಸಿ, ಎಂಟನೆಯ ಸಲ ಸುಪ್ರಭಾ ಆ ಕ್ಷಣವನ್ನು ಹಿಡಿದಿದ್ದಳು.

ಈಗ ಅವಳು ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದಳು. ಗೇರನ್ನು ಹೊರಗೆಳೆದಳು. ಇಂಜಿನ್ನಿಗೆ ಒಂದು ಸಣ್ಣ ಒತ್ತು ಕೊಟ್ಟು ಕೇಳಿಸಿಕೊಂಡಳು. ಕೈ ಮುಂದೆ ಹೋಯಿತು. ಗೇರು ಸದ್ದಿಲ್ಲದೆ ಕೂತಿತು. ಐದನೆಯ ತಿರುವು ದಾಟಿತು.

ಆರನೆಯದರ ಮೇಲೆ, ಮರಗಳ ಸಂದಿಯಲ್ಲಿ, ಕೆಳಗಿಳಿದು ಬರುವ ಕೆಂಪು ಬಸ್ಸು ಕಂಡಿತು. ಆ ತಿರುವಿನಲ್ಲಿ ಬಸ್ಸಿಗೆ ಇಡೀ ರಸ್ತೆ ಬೇಕು. ಸುಪ್ರಭಾ ಮೊದಲೇ ಜಾಗ ಹುಡುಕಿದಳು. ಮೋರಿಯ ಪಕ್ಕ ನಾಲ್ಕು ಮಾರು ಸಮತಟ್ಟಾಗಿತ್ತು. ಅಲ್ಲಿಗೇ ಕಾರನ್ನು ಉರುಳಿಸಿ ತಂದು, ಬ್ರೇಕ್ ಹಾಕಿ, ಇಂಜಿನ್ ಆಫ್ ಮಾಡಿದಳು.

ಬಸ್ಸಿನ ಡ್ರೈವರು ಮೇಲಿನಿಂದ ಬಗ್ಗಿ ನೋಡಿದ. "ಡಾಕ್ಟ್ರೇ, ಘಾಟಿಯಲ್ಲಿ ಯಾವ ದನ?"

"ದನ ಅಲ್ಲ, ದೊಡ್ಡಪ್ಪ!"

ಬಸ್ಸಿಡೀ ನಕ್ಕಿತು. ಬಲ್ಲಾಳರು ನಗಲಿಲ್ಲ. ಬಸ್ಸು ದಾಟಿದ ಮೇಲೆ ಹೇಳಿದರು: "ರಸ್ತೆಗಾಗಿ ನಿಂತದ್ದು, ಒಪ್ಪಿದೆ. ಈಗ ಕ್ಲಚ್ ಇಲ್ಲದೆ ಹೊರಡು, ನೋಡುವಾ."

ಅಷ್ಟರಲ್ಲಿ ಹೊಸ ಕಾರು ಹಿಂದೆ ಬಂದು ನಿಂತಿತು. ಶೆಟ್ಟರು ಗಾಜು ಇಳಿಸಿದರು.

"ತಳ್ಳಬೇಕಾ ಡಾಕ್ಟ್ರೇ? ತಳ್ಳಿದ್ರೆ ಸೋಲು, ಮೊದಲೇ ಹೇಳ್ತೇನೆ."

ಸುಪ್ರಭಾ ತಿರುಗಿ ನೋಡಲಿಲ್ಲ. ಮೊದಲ ಗೇರು ಹಾಕಿದಳು. ಹ್ಯಾಂಡ್ ಬ್ರೇಕ್ ಬಿಟ್ಟಳು. ಕೀಲಿ ತಿರುಗಿಸಿದಳು.

ಗೇರು ಹಾಕಿಯೇ ಇದ್ದುದರಿಂದ, ಇಂಜಿನ್ನಿನ ಜೊತೆಗೆ ಇಡೀ ಕಾರನ್ನೂ ಸ್ಟಾರ್ಟರ್ ಮೋಟಾರು ಒಂದೇ ಎಳೆಯಬೇಕಿತ್ತು. ದಿನವೂ ಓಡುವ ಕಾರಿನ ಬ್ಯಾಟರಿ, ಅದರಲ್ಲಿ ಕಸುವಿತ್ತು. ಕಾರು ಕಪ್ಪೆಯ ಹಾಗೆ ಒಮ್ಮೆ ಕುಪ್ಪಳಿಸಿತು. ಇನ್ನೊಮ್ಮೆ. ಬಲ್ಲಾಳರ ಕೋಲು ಕಾಲ ಬಳಿ ಬಿತ್ತು. ಮೂರನೆಯ ಸಲ ಇಂಜಿನ್ ಹತ್ತಿಕೊಂಡು, ಘಾಟಿಯೆಲ್ಲ ಕೇಳುವ ಹಾಗೆ ಗುಡುಗಿ, ಹಸಿರು ಕಾರು ತಿರುವಿಗೆ ಏರಿತು.

"ಹೋಯ್!" ಎಂದು ಬಲ್ಲಾಳರು ಕೂಗಿದರು. ಎಂಬತ್ತಾರು ವರ್ಷದ ಗಂಟಲಿನಿಂದ ಆ ಕೂಗು ಹೇಗೆ ಬಂತೋ ಅವರಿಗೂ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಅವರು ಸೀಟಿನ ಅಂಚು ಹಿಡಿಯಲಿಲ್ಲ. ತಲೆ ಒಂದು ಬದಿಗೆ ವಾಲಿಸಿ ಕೇಳತೊಡಗಿದರು. ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಇಂಜಿನ್ ಏರುವುದು, ಇಳಿಯುವುದು, ಒಂದು ಕಡೆ ನಯವಾಗುವುದು. ಎಂಟನೆಯ ತಿರುವಿನಲ್ಲಿ ಅವರ ತುಟಿ ಅಲುಗಿತು. ಒಂಬತ್ತನೆಯದರಲ್ಲಿ ಮೆಲ್ಲಗೆ "ಈಗ" ಎಂದರು. ಸುಪ್ರಭಾಳ ಕೈ ಅದೇ ಹೊತ್ತಿಗೆ ಗೇರು ಹಾಕಿತು. ಕೊನೆಯ ತಿರುವಿನಲ್ಲಿ ಅವಳು ಬೇಕೆಂದೇ ಕಾದಳು.

"ಈಗ!" ಎಂದರು ಬಲ್ಲಾಳರು, ಗಟ್ಟಿಯಾಗಿ.

ಗೇರು ಜಾರಿ ಕೂತಿತು. ಕಾರು ಘಾಟಿಯ ತುದಿಗೆ ಬಂತು.

ಮೇಲೆ ಚಹಾದಂಗಡಿಯ ಎದುರು ನಿಂತಿದ್ದವರೆಲ್ಲ ಲೋಟ ಹಿಡಿದುಕೊಂಡೇ ಹತ್ತಿರ ಬಂದರು. ಬಲ್ಲಾಳರು ಇಳಿಯಲಿಲ್ಲ. ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದರು.

"ಐವತ್ತೈದು ವರ್ಷ ನನ್ನ ಹತ್ತಿರ ಇತ್ತು. ಇದು ಇಷ್ಟೆಲ್ಲ ಮಾತಾಡ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ" ಎಂದರು. ಆಮೇಲೆ, "ಕಾರು ನಿನ್ನದು ಮಗಾ" ಎಂದರು.

ಸುಪ್ರಭಾ ಸ್ಟೇರಿಂಗಿನ ಮೇಲೆ ಹಣೆಯಿಟ್ಟಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಚಹಾ ಕುಡಿಯುತ್ತಿದ್ದವರಿಗೆ ಗೊತ್ತಾಗಲಿಲ್ಲ.

ಹೊಸ ಕಾರು ಬಂದು ನಿಂತಿತು. ಶೆಟ್ಟರು ಇಳಿದು ಹಸಿರು ಕಾರಿನ ಸುತ್ತ ಒಂದು ಸುತ್ತು ಬಂದರು. ಕೊಂಬಿನ ಗೀರನ್ನು ಬೆರಳಲ್ಲಿ ಮುಟ್ಟಿದರು. ಆಮೇಲೆ ಹಸನಬ್ಬನ ಕಿವಿಯ ಹತ್ತಿರ ಬಾಗಿದರು.

"ನನ್ನದು ಸರಿ ಆಗ್ತದಾ?"

"ಆಗ್ತದೆ. ಆದ್ರೆ ಮತ್ತೆ ನೀವು ಮೀನು ತರ್ಲಿಕ್ಕೂ ಅದರಲ್ಲೇ ಹೋಗ್ಬೇಕು."

ಶೆಟ್ಟರು ಹಸಿರು ಕಾರಿನ ಸೀಟಿನತ್ತ ನೋಡಿದರು. "ಬಂಗುಡೆ ವಾಸನೆ ಸೀಟಿಗೆ ಹಿಡೀತದಲ್ಲ ಮಾರಾಯ?"

"ಹಿಡೀಲಿ."

ಶೆಟ್ಟರು ಕೊನೆಗೆ ತಲೆಯಾಡಿಸಿದರು.

ಸುಪ್ರಭಾ ಸೀಟಿನ ಅಡಿಯಿಂದ ಸುರುಳಿ ಸುತ್ತಿದ ಹೊಸ ಕೇಬಲ್ ತೆಗೆದಳು. ಅದಿಲ್ಲದೆ ಅವಳು ಮನೆ ಬಿಡುತ್ತಿರಲಿಲ್ಲ. ಹಸನಬ್ಬ ಅಂಗಿಯ ತೋಳು ಮಡಚಿ ನೆಲಕ್ಕೆ ಕೂತ. ಶೆಟ್ಟರು ತಮ್ಮ ಕಾರಿನ ಬಾಗಿಲು ತೆರೆದು ಹಿಡಿದರು.

"ನೀವು ಇದರಲ್ಲಿ ಬನ್ನಿ ಬಲ್ಲಾಳ್ರೇ. ಎ.ಸಿ. ಉಂಟು. ಅದರಲ್ಲಿ ಈಗ ಕ್ಲಚ್ಚೇ ಇಲ್ಲ."

"ಕ್ಲಚ್ ಇಲ್ಲ. ಡ್ರೈವರ್ ಇದ್ದಾಳೆ."

ಹೀಗೆ ಹೇಳಿ ಬಲ್ಲಾಳರು ಬಗ್ಗಿ ಹಸನಬ್ಬನ ಭುಜ ತಟ್ಟಿದರು.

"ಕೇಬಲ್ ಊರಿಗೆ ಹೋಗಿ ಹಾಕು ಮಾರಾಯ. ಇಳಿಯುವಾಗ ನನಗೆ ಅದರ ಮಾತು ಇನ್ನೊಮ್ಮೆ ಕೇಳ್ಬೇಕು."

ನೀತಿ: ಪ್ರೀತಿಯ ವಸ್ತುವನ್ನು ಕೆಲಸದಿಂದ ದೂರವಿಟ್ಟರೆ ಅದು ಉಳಿಯುವುದಿಲ್ಲ, ಒಳಗೊಳಗೇ ಕೆಡುತ್ತದೆ. ದಿನವೂ ಅದರ ಜೊತೆ ದುಡಿದವರ ಕೈಯಲ್ಲಿ ಅದಕ್ಕೆ ಗಾಯವಾಗಬಹುದು. ಆದರೆ ಅದರ ದನಿ ಗೊತ್ತಿರುವುದು ಅವರಿಗೇ. ಕೆಟ್ಟ ಹೊತ್ತಿನಲ್ಲಿ ಅದನ್ನು ಮೇಲೆ ಹತ್ತಿಸುವವರೂ ಅವರೇ.