ಕಣ್ಣು ತೆರೆಸದ ಚಿತ್ರ

"ಗುರುಗಳೇ, ದನಿಯಿಲ್ಲದವರಿಗೆ ನನ್ನ ಚಿತ್ರಗಳಿಂದ ದನಿ ಕೊಡಬೇಕೆಂದು ಹೊರಟಿದ್ದೇನೆ. ಆದರೆ ಗೋಡೆ ಕೊಟ್ಟವರು ಕೂಲಿಯವರ ಮುಖಗಳನ್ನು ಅಳಿಸು ಎನ್ನುತ್ತಿದ್ದಾರೆ. ಅಳಿಸಲೇ, ಗೋಡೆಯನ್ನೇ ಬಿಡಲೇ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳು ನಕ್ಕರು. "ದನಿ ಕೊಡುವ ದೊಡ್ಡ ಮನುಷ್ಯ, ಮೊದಲು ಕೂತುಕೋ," ಎಂದು ಹೇಳತೊಡಗಿದರು.

ಒಬ್ಬ ಒಡೆಯ ಕೆರೆ ಕಟ್ಟಿಸಿದ. ಅದರ ಕತೆ ಏರಿಯ ಮೇಲಿನ ಮಂಟಪದ ಗೋಡೆಯಲ್ಲಿ ಕಾಣಬೇಕೆಂದು ಒಬ್ಬ ಚಿತ್ರಗಾರನನ್ನು ಕರೆಸಿದ. ಚಿತ್ರಗಾರ ಒಡೆಯನನ್ನು ನಡುವೆ ನಿಲ್ಲಿಸಿ, ಸುತ್ತ ಮಣ್ಣು ಹೊತ್ತವರನ್ನೆಲ್ಲ ಬರೆದ. ಏರಿ ಕುಸಿದು ಸತ್ತವನೊಬ್ಬನಿದ್ದ; ಅವನನ್ನು ಚಿತ್ರಗಾರ ಕಂಡವನಲ್ಲ. ಅವನ ಹೆಂಡತಿಯ ಗುಡಿಸಲಿಗೆ ಹೋಗಿ, ಹುಬ್ಬು ಹೇಗಿತ್ತು, ಯಾವ ಹೆಗಲು ಜೋತಿತ್ತು ಎಂದು ಕೇಳಿ ಕೇಳಿ ಬರೆದ. ಆ ಹೆಂಗಸಿಗೆ ಗಂಡನ ಗುರುತೆಂದು ಬೇರೇನೂ ಉಳಿದಿರಲಿಲ್ಲ.

ಆ ಕಸುಬಿನಲ್ಲಿ ಒಂದು ಕಟ್ಟಳೆಯಿತ್ತು. ಕಣ್ಣುಗುಡ್ಡೆಯನ್ನು ಕೊನೆಗೆ ಬರೆಯಬೇಕು; ಅದಕ್ಕೆ ಕಣ್ಣು ತೆರೆಸುವುದು ಎನ್ನುತ್ತಿದ್ದರು. ಬರೆಸಿದವನು ಎದುರು ನಿಲ್ಲಬೇಕು, ಚಿತ್ರದ ಮೊದಲ ನೋಟ ಅವನ ಮೇಲೆ ಬೀಳಬೇಕು. ಒಬ್ಬ ಬರೆದ ಚಿತ್ರಕ್ಕೆ ಇನ್ನೊಬ್ಬ ಕಣ್ಣು ತೆರೆಸುವಂತಿಲ್ಲ.

ಒಡೆಯ ಜರಿಪೇಟ ಸುತ್ತಿಕೊಂಡು ಬಂದ. ಗೋಡೆ ನೋಡಿ ಹುಬ್ಬು ಗಂಟಿಕ್ಕಿದ. "ನನ್ನೊಬ್ಬನ ಕಣ್ಣು ತೆರೆಸಿದರೆ ಸಾಕು. ಈ ಮಂದಿ ಹಾಗೇ ಇರಲಿ, ಗುಂಪು ಕಂಡರಾಯಿತು," ಎಂದ.

ಒಡೆಯನನ್ನು ಎದುರುಹಾಕಿಕೊಂಡರೆ ಆ ಸೀಮೆಯಲ್ಲಿ ಮತ್ತೆ ಗೋಡೆ ಸಿಗುವುದಿಲ್ಲವೆಂದು ಚಿತ್ರಗಾರನಿಗೆ ಗೊತ್ತಿತ್ತು. ಆದರೂ ಕುಂಚ ಕೆಳಗಿಟ್ಟ. "ತೆರೆಸಿದರೆ ಎಲ್ಲರದೂ ತೆರೆಸುತ್ತೇನೆ, ಒಡೆಯಾ. ಇಲ್ಲವಾದರೆ ಯಾರದೂ ಇಲ್ಲ," ಎಂದು ಹೇಳಿ ಹೊರಟುಹೋದ.

ಒಡೆಯ ಊರೂರಿಗೆ ಆಳು ಕಳಿಸಿದ. ಕಟ್ಟಳೆ ಮುರಿಯಲು ಯಾವ ಚಿತ್ರಗಾರನೂ ಬರಲಿಲ್ಲ. ಮಂಟಪಕ್ಕೆ ಬಂದವರು ಕಣ್ಣಿಲ್ಲದ ಒಡೆಯನನ್ನು ನೋಡಿ ಮುಸಿಮುಸಿ ನಕ್ಕರು. ಅವನು ಪರದೆ ಹಾಕಿಸಿದ. ಜನ ಪರದೆ ಸರಿಸಿ ನೋಡಿ ಇನ್ನಷ್ಟು ನಕ್ಕರು. ಇತ್ತ ಚಿತ್ರಗಾರ ಮಡಕೆಗಳಿಗೆ ಸುಣ್ಣದ ಗೆರೆ ಎಳೆದು ಗಂಜಿ ಕುಡಿದ. ಹೆಂಡತಿ ಬೈದಳು, ನೆಂಟರು ಬುದ್ಧಿ ಹೇಳಿದರು. ಅವನು ಹಿಡಿದ ಪಟ್ಟು ಬಿಡಲಿಲ್ಲ.

ಮಳೆಗಾಲದಲ್ಲಿ ಕೆರೆ ತುಂಬಿತು. ಬಾಗಿನ ಬಿಡುವ ದಿನ ನೆರೆಸೀಮೆಯ ಒಡೆಯರೆಲ್ಲ ಬರುವವರಿದ್ದರು. ಅವರೆದುರು ನಗೆಪಾಟಲಾಗಲು ಮನಸ್ಸಿಲ್ಲದೆ ಒಡೆಯ, "ಬಂದು ಎಲ್ಲರ ಕಣ್ಣೂ ತೆರೆಸು," ಎಂದು ಹೇಳಿಕಳಿಸಿದ.

ಚಿತ್ರಗಾರ ಬಂದು ಮೊದಲು ಮಣ್ಣು ಹೊತ್ತವರ ಕಣ್ಣು ತೆರೆಸಿದ. ಎದುರು ನಿಂತಿದ್ದ ಒಡೆಯ ಹಿಂದೆ ಸರಿದ. "ಇವನು ಯಾರು? ನನ್ನನ್ನೇ ನೋಡುತ್ತಿದ್ದಾನಲ್ಲ," ಎಂದು ಗೋಡೆಯ ಒಬ್ಬನತ್ತ ಬೆರಳು ಮಾಡಿ ಕೇಳಿದ.

ಜನರ ಹಿಂದೆ ನಿಂತಿದ್ದ ಆ ಹೆಂಗಸು ಮುಂದೆ ಬಂದಳು. "ನನ್ನ ಗಂಡ, ಒಡೆಯಾ. ಏರಿ ಬಿರುಕು ಬಿಟ್ಟಿದೆ ಅಂತ ನಿಮ್ಮ ಬಾಗಿಲಿಗೆ ಬಂದು ಹೇಳಿದವನು. ಅವತ್ತು ನಾನೂ ಬಂದು ಹೇಳಿದ್ದೆ."

ಒಡೆಯ ತಲೆಯ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಚೆನ್ನವೀರನ ಮುಖ ಅರಳಿತು. "ನಾನು ಅಳಿಸುವುದಿಲ್ಲ, ಗುರುಗಳೇ. ಆ ಚಿತ್ರ ಅವಳಿಗೆ ದನಿ ಕೊಟ್ಟಿತು," ಎಂದ.

"ದನಿ ಅವಳಿಗೆ ಬಾಗಿಲಿಗೆ ಹೋದ ದಿನವೇ ಇತ್ತಲ್ಲ ಮಗು, ಚಿತ್ರ ಕೊಟ್ಟದ್ದು ಒಡೆಯನಿಗೆ ಕಿವಿ," ಎಂದರು ಗುರುಗಳು.