ವರ್ತಕನೂ ಕಾಲುವೆಯ ಬೂಷ್ಟೂ

“ಗುರುಗಳೇ, ಐದು ತಲೆಮಾರುಗಳಿಂದ ಈ ಮಠಕ್ಕೆ ನಡೆದುಕೊಂಡು ಬಂದ ಮನೆತನ ನಮ್ಮದು. ಈ ಊಟದ ಮನೆಗೆ ಕಲ್ಲು ಹಾಸಿಸಿದವರು ನಮ್ಮ ತಾತ. ಅಂಥವರ ಪಕ್ಕದ ಎಲೆಗೆ ಚರಂಡಿ ಬಳಿಯುವವಳು ಬಂದು ಕೂರಬಹುದೇ?” ಎಂದು ಅಂಬುಜಾಕ್ಷಮ್ಮ ಕೇಳಿದರು.

ಮಠದ ಚರಂಡಿ ಬಳಿಯುವ ನಿಂಗಾಜಮ್ಮನನ್ನು ಅವರು ಆಗಷ್ಟೇ, “ಮೊದಲು ಆ ಕೈ ನೋಡಿಕೋ, ಏಳು” ಎಂದು ಪಂಕ್ತಿಯಿಂದ ಎಬ್ಬಿಸಿದ್ದರು. ಎಷ್ಟು ತೊಳೆದರೂ ಕಪ್ಪು ಹೋಗದ ಕೈಯಲ್ಲಿ ಬರಿಯ ಎಲೆ ಹಿಡಿದು ನಿಂಗಾಜಮ್ಮ ಬಾಗಿಲ ಬಳಿ ನಿಂತಿದ್ದಳು.

ಗುರುಗಳು ಕತೆ ಹೇಳಿದರು.

ತಾಮ್ರದ ಪಾತ್ರೆ ಮಾಡಿಸುವ ಒಬ್ಬ ವರ್ತಕನಿದ್ದ. ಪಾತ್ರೆಗೆ ಮೆರುಗು ಕೊಟ್ಟು ತೊಳೆದ ನೀರು ಕಾಲುವೆಯಲ್ಲಿ ಹರಿದು ಊರ ಕೆರೆ ಸೇರುತ್ತಿತ್ತು. ಕೆರೆ ನೀಲಿಯಾಯಿತು. ದನಗಳು ಮೂಸಿ ಹಿಂದಿರುಗಿದವು. ಕಾರ್ಖಾನೆಗೆ ಬೀಗ ಹಾಕುತ್ತೇವೆಂದು ಊರವರು ಬಂದರು.

ಆಗ ಅಣಬೆ ಬೆಳೆಯುವ ಒಬ್ಬ ರೈತ, “ಒಂದು ಬಗೆಯ ಬೂಷ್ಟಿದೆ. ನೀರೊಳಗಿನ ತಾಮ್ರವನ್ನು ತನ್ನ ಮೈಗೆ ಹಿಡಿದುಕೊಳ್ಳುತ್ತದೆ. ಬೆಳೆಸಿ ಕೊಡುತ್ತೇನೆ, ಕಾಲುವೆಯಲ್ಲಿಡಿ” ಎಂದ.

“ಬೂಷ್ಟೇ! ಏಳು ತಲೆಮಾರಿನಿಂದ ನಮ್ಮ ಮನೆಯ ಉಪ್ಪಿನಕಾಯಿ ಭರಣಿಗೂ ಬೂಷ್ಟು ಬಂದಿಲ್ಲ!” ಎಂದ ವರ್ತಕ.

“ಅದಕ್ಕೇ, ಬುದ್ಧಿ, ಹೊರಗಿನಿಂದ ತರಿಸಬೇಕಾಗಿದೆ.”

ಬೇರೆ ದಾರಿಯಿಲ್ಲದೆ ವರ್ತಕ ಒಪ್ಪಿದ. ರೈತ ಬೂಷ್ಟು ತುಂಬಿದ ಜಾಲರಿ ಪೆಟ್ಟಿಗೆಯನ್ನು ಕಾಲುವೆಯಲ್ಲಿ ಕೂರಿಸಿದ. ದಿನದಿನಕ್ಕೆ ಬೂಷ್ಟು ನೀಲಿಗಟ್ಟಿತು, ನೀರು ತಿಳಿಯಾಯಿತು. ದನಗಳು ಮರಳಿ ಬಂದವು. ಊರವರು ಸಂತೋಷಪಟ್ಟು, ಕಾಲುವೆಯ ದಡದಲ್ಲೇ ವರ್ತಕನಿಗೆ ಸನ್ಮಾನ ಏರ್ಪಡಿಸಿದರು.

ಬರುವ ಗಣ್ಯರ ಕಣ್ಣಿಗೆ ಆ ಲೋಳೆ ಬೀಳುವುದೇ ಎಂದು ವರ್ತಕ ನಾಚಿದ. ಹಿಂದಿನ ದಿನ ಬೂಷ್ಟನ್ನೆಲ್ಲ ಕೆರೆದು ತೆಗೆಸಿದ. ಪೆಟ್ಟಿಗೆಯನ್ನು ಸೀಗೆಪುಡಿಯಿಂದ ಉಜ್ಜಿಸಿ, ಹಾರ ಹಾಕಿಸಿ, ಖಾಲಿಯಾಗಿಯೇ ಮತ್ತೆ ಕೂರಿಸಿದ.

ವೇದಿಕೆಯ ಮೇಲೆ ಅವನು ಏಳು ತಲೆಮಾರುಗಳ ಶುಚಿಯನ್ನು ವರ್ಣಿಸತೊಡಗಿದ. ಗಂಟಲು ಒಣಗಿತು. ಊರವರು ಅದೇ ಕಾಲುವೆಯ ನೀರನ್ನು ಅವನದೇ ತಾಮ್ರದ ಲೋಟದಲ್ಲಿ ತುಂಬಿ ಕೊಟ್ಟರು. ಗಟಗಟನೆ ಕುಡಿದ. ಭಾಷಣ ಮೂರನೆಯ ತಲೆಮಾರನ್ನು ದಾಟಲಿಲ್ಲ. ವೇದಿಕೆಯ ಹಿಂದೆ ಓಡಿ, ಹೊಟ್ಟೆ ಹಿಡಿದು ಬಗ್ಗಿದವನು, “ಎಲ್ಲಿ ಆ ಬೂಷ್ಟು? ಕರೆಸಿರಿ ಅದನ್ನು!” ಎಂದು ಕೂಗಿದ.

ಅಂಬುಜಾಕ್ಷಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು. ಪಂಕ್ತಿಯಲ್ಲಿ ಕುಳಿತು ನಗುವುದು ಅವರ ಮನೆತನದಲ್ಲಿ ಇರಲಿಲ್ಲ, ಆದರೂ ತಡೆಯಲಾಗಲಿಲ್ಲ. ಆಮೇಲೆ ನೆಟ್ಟಗೆ ಕುಳಿತು, “ಆ ವರ್ತಕ ರೈತನ ಕ್ಷಮೆ ಕೇಳಿದನೇ, ಗುರುಗಳೇ? ಕೇಳುವುದು ನ್ಯಾಯ” ಎಂದರು.

ಗುರುಗಳು ಬಾಗಿಲ ಕಡೆ ನೋಡಿದರು. ಅಂಬುಜಾಕ್ಷಮ್ಮನವರೂ ನೋಡಿದರು. ಅವರ ನಗು ನಿಂತಿತು.

“ನ್ಯಾಯ ನಿಮಗೇ ತಿಳಿದಿದೆಯಲ್ಲ ತಾಯಿ, ಏಳಿ, ನಿಂಗಾಜಮ್ಮನ ಕ್ಷಮೆ ಕೇಳಿ.”